ಮೋಸ ಹೋದಾಗ ಮೌನ ಬೇಡ

ಟೀವಿ ತರಿಸಿಕೊಂಡವನು ಒಬ್ಬ, ದುಡ್ಡು ತೆತ್ತವರು ಇನ್ನೊಬ್ಬರು! 2002ರಲ್ಲಿ ನಡೆದ ಪ್ರಸಂಗವಿದು. ವಿದೇಶದಲ್ಲಿರುವ ಭಾರತೀಯರು ಇಲ್ಲಿನ ಬಂಧುಗಳಿಗೆ ಅಂತರ್ಜಾಲದ ಮೂಲಕ ಸೋನಿ ಕಂಪೆನಿಯ ವಸ್ತುಗಳನ್ನು ಕಳುಹಿಸುವ ಏರ್ಪಾಡೊಂದಿತ್ತು. ಅಲ್ಲಿಗೆ ಒಂದು ಬಣ್ಣದ ಟೀವಿ ಹಾಗೂ ಹೆಡ್‌ಫೋನ್‌ಗೆ ಬೇಡಿಕೆ ಬಂತು. ಕ್ರೆಡಿಟ್ ಕಾರ್ಡ್‌ನಿಂದ ಹಣ ಸಂದಾಯವಾಯಿತು, ಸಾಮಾನು ನೋಯ್ಡಾ ತಲುಪಿತು. ಒಂದೂವರೆ ತಿಂಗಳ ಮೇಲೆ ಕಾರ್ಡಿನ ನಿಜವಾದ ಒಡೆಯರು ತಾವು ಏನನ್ನೂ ಕೊಂಡಿಲ್ಲ ಎಂದಾಗಲೇ ಗುಟ್ಟು ರಟ್ಟಾದದ್ದು. ಸಿಬಿಐ ಹಿಡಿದದ್ದು ಕಾಲ್ ಸೆಂಟರ್ ನೌಕರನಾಗಿದ್ದ 24ರ ತರುಣನನ್ನು. ಕೆಲಸದ ಜಾಗದಲ್ಲಿ ಸಿಕ್ಕ ಕಾರ್ಡಿನ ಸಂಖ್ಯೆಯನ್ನೇ ಆತ ಬಳಸಿಕೊಂಡಿದ್ದ. ನ್ಯಾಯಾಲಯ ಆತನನ್ನು ತಪ್ಪಿತಸ್ಥನೆಂದಿತು. ಎಳೆಯ ವಯಸ್ಸು, ಮೊದಲ ಅಪರಾಧ ಎಂದು ಒಂದು ವರ್ಷದ ಸನ್ನಡತೆಯ ಷರತ್ತಿನ ಮೇಲೆ ಬಿಟ್ಟಿತು.

ಆಗ ಆಸರೆಯಾದದ್ದು ಹಳೆಯ ಭಾರತೀಯ ದಂಡ ಸಂಹಿತೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದಲ್ಲೇ ಬಂದಿದ್ದರೂ ಇಂಥ ವಂಚನೆಗೆ ಅದರಲ್ಲಿ ಪ್ರತ್ಯೇಕ ಕಲಂ ಇರಲಿಲ್ಲ. 2008ರ ತಿದ್ದುಪಡಿ ಆ ಕೊರತೆಯನ್ನು ನೀಗಿತು. ಇನ್ನೊಬ್ಬರ ಪಾಸ್‌ವರ್ಡ್ ಕದ್ದು ಬಳಸುವುದು 66ಸಿ ಕಲಂ ಪ್ರಕಾರ ಅಪರಾಧ. ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ಸೋಗು ಹಾಕಿ ಮೋಸ ಮಾಡುವುದು 66ಡಿ ಪ್ರಕಾರ ಅಪರಾಧ. ಎರಡಕ್ಕೂ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ.

ಮೊಬೈಲ್ ತರಿಸಿದರೆ ಸೋಪು ಬಂತು, ಅಂಗಡಿಯವರು ಕಿವಿಗೊಡುತ್ತಿಲ್ಲ ಎನ್ನುವಿರಾ? ಅದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. 2020ರ ಇ-ಕಾಮರ್ಸ್ ನಿಯಮಗಳಂತೆ, ದೂರು ತಲುಪಿದೆಯೆಂದು ಕಂಪೆನಿ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇಲ್ಲವಾದರೆ 1915ಕ್ಕೆ ಫೋನ್ ಮಾಡಿ ಅಥವಾ ನಿಮ್ಮದೇ ಜಿಲ್ಲೆಯ ಗ್ರಾಹಕರ ಆಯೋಗದ ಮೆಟ್ಟಿಲೇರಿ. ಕಂಪೆನಿಯಿರುವ ಊರಿಗೆ ಅಲೆಯಬೇಕಿಲ್ಲ.

ಖಾತೆಯ ಹಣವೇ ಮಾಯವಾದರೆ? ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಬಾರದು. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಕಳ್ಳ ಹಣ ತೆಗೆಯುವ ಮುನ್ನವೇ ಸುದ್ದಿ ಮುಟ್ಟಿದರೆ ಅದನ್ನು ಅವನ ಖಾತೆಯಲ್ಲೇ ತಡೆಹಿಡಿಯಲು ಸಾಧ್ಯ. 2017ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮದಲ್ಲೂ ಕಾಲಕ್ಕೇ ಬೆಲೆ. ಗ್ರಾಹಕನದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟವಿಲ್ಲ. ತಾನೇ ಒಟಿಪಿ ಹೇಳಿ ಕೆಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ಆಮೇಲಿನದು ಬ್ಯಾಂಕಿನದು.

ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ ಆರಂಭವಾದದ್ದು 2001ರಲ್ಲಿ. ಈಗ ಜಿಲ್ಲೆಗಳಲ್ಲೂ ಸಿಇಎನ್ ಪೊಲೀಸ್ ಠಾಣೆಗಳಿವೆ. ಆದರೆ ದೂರೇ ಬಾರದಿದ್ದರೆ ಠಾಣೆ ಏನು ಮಾಡೀತು? ಹಾಸ್ಟೆಲ್ ಫೀಸಿನ ದುಡ್ಡು ಕಳೆದುಕೊಂಡ ಹುಡುಗ ಅಪ್ಪನಿಗೆ ಹೆದರಿ ವಾರಗಟ್ಟಲೆ ಬಾಯಿ ಬಿಡದಿದ್ದರೆ ಅಷ್ಟರಲ್ಲಿ ಹಣ ಹತ್ತು ಕೈ ದಾಟಿರುತ್ತದೆ.

ವಿದ್ಯಾರ್ಥಿಗಳೇ, ಮೋಸ ಹೋದದ್ದು ನಾಚಿಕೆಯ ಮಾತಲ್ಲ. ರಸೀದಿ, ಸಂದೇಶ, ಫೋನ್ ಸಂಖ್ಯೆ ಯಾವುದನ್ನೂ ಅಳಿಸದೆ ಮನೆಯವರಿಗೆ ಹೇಳಿ. ತಂದೆತಾಯಂದಿರೇ, ಗದರಿಸುವುದೇನಿದ್ದರೂ ನಾಳೆಗಿರಲಿ. ಮೊದಲು 1930ಕ್ಕೆ ಫೋನ್ ಮಾಡಿ.