ಕಲ್ಲುಕಂಬದ ಚಪ್ಪರದಿಂದ ಮೊದಲ ಲೋಟಕ್ಕೆ

ದಾಬಸ್‌ಪೇಟೆ ಎಂದರೆ ಈಗ ಹೆಚ್ಚಿನವರಿಗೆ ನೆನಪಾಗುವುದು ಸೋಂಪುರ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಇಲ್ಲವೇ ಶಿವಗಂಗೆ ಬೆಟ್ಟದ ಕಡೆಗೆ ತಿರುಗುವ ದಾರಿ. ಆದರೆ ಇಲ್ಲಿಂದ ಪೂರ್ವಕ್ಕೆ ಹೊರಡುವ ರಾಷ್ಟ್ರೀಯ ಹೆದ್ದಾರಿ 648 ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಮೇಲೆ ಸಾಗುತ್ತ ನಾಡಿನ ಹಳೆಯ ದ್ರಾಕ್ಷಿ ಸೀಮೆಯನ್ನೇ ಹಾದುಹೋಗುತ್ತದೆ. ಸಾಲಾಗಿ ನೆಟ್ಟ ಕಲ್ಲುಕಂಬಗಳ ಮೇಲೆ ತಂತಿಯ ಚಪ್ಪರ, ಅದರ ಕೆಳಗೆ ತೂಗುವ ಕಪ್ಪುನೀಲಿ ಗೊಂಚಲು: ಇದು ಬೆಂಗಳೂರು ಬ್ಲೂ. ಸುಮಾರು ಒಂದೂವರೆ ಶತಮಾನದಿಂದ ಬೆಂಗಳೂರಿನ ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಬೆಳೆಯುತ್ತಿರುವ, ವರ್ಷಕ್ಕೆ ಎರಡು ಫಸಲು ಕೊಡುವ, ಭೌಗೋಳಿಕ ಸೂಚಕದ ಮಾನ್ಯತೆಯೂ ಇರುವ ತಳಿ. ಪೋರ್ಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಅಗ್ಗದ ಸಿಹಿ ಕೆಂಪು ವೈನಿಗೂ, ಕ್ರಿಸ್‌ಮಸ್‌ಗೆಂದು ಬೆಂಗಳೂರಿನ ಆಂಗ್ಲೋ ಇಂಡಿಯನ್ ಮತ್ತು ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಸಕ್ಕರೆ, ಯೀಸ್ಟ್, ಚಕ್ಕೆ, ಲವಂಗ ಹಾಕಿ ಪಿಂಗಾಣಿ ಜಾಡಿಯಲ್ಲಿ ಹುದುಗಿಸುವ ವೈನಿಗೂ ಇದೇ ಹಣ್ಣು. ಹಾಗಾಗಿ ಹಳೆಯ ಮೈಸೂರು ಭಾಗದ ಎಷ್ಟೋ ಜನರ ಯೌವನದ ಮೊದಲ ಮೆಚ್ಚಿನ ವೈನ್ ಇದರಿಂದಲೇ ಬಂದದ್ದು. ಮುಂದೆ ದುಬಾರಿ ಬಾಟಲಿಗಳ ಪರಿಚಯವಾದವರೂ ಇದನ್ನು ಮರೆಯುವುದಿಲ್ಲ. ಇದನ್ನು ಬರೀ ಹಳೆಯ ದಿನಗಳ ಹಂಬಲ ಎಂದು ತಳ್ಳಿಹಾಕುವುದು ಸರಿಯಲ್ಲ. ಕಾರಣ ಹಣ್ಣಿನೊಳಗೇ ಇದೆ.

ನೆನಪಿನ ಬಗ್ಗೆ ಮನೋವಿಜ್ಞಾನ ಕಂಡುಕೊಂಡ ಎರಡು ಸಂಗತಿಗಳು ಇಲ್ಲಿ ಒದಗಿಬರುತ್ತವೆ. ವಯಸ್ಸಾದವರ ಬದುಕಿನ ನೆನಪುಗಳು ಎಲ್ಲ ವರ್ಷಗಳ ಮೇಲೂ ಸಮನಾಗಿ ಹರಡಿರುವುದಿಲ್ಲ. ಹತ್ತರಿಂದ ಮೂವತ್ತರವರೆಗಿನ ವಯಸ್ಸಿನಲ್ಲಿ ದಟ್ಟವಾಗಿ ಕೂಡಿರುತ್ತವೆ. ವಾಸನೆ ಕೆದಕುವ ನೆನಪುಗಳು ಮಾತ್ರ ಇನ್ನೂ ಹಿಂದಕ್ಕೆ, ಬಾಲ್ಯದ ಮೊದಲ ದಶಕಕ್ಕೆ ಹೋಗುತ್ತವೆ ಎಂಬುದನ್ನು 2006ರಲ್ಲಿ ಸ್ವೀಡನ್ನಿನ ಸಂಶೋಧಕರಾದ ವಿಲಾಂಡರ್ ಮತ್ತು ಲಾರ್ಸನ್ ತೋರಿಸಿದರು. ಬೆಂಗಳೂರು ಬ್ಲೂ ಈ ಎರಡೂ ವಯಸ್ಸುಗಳನ್ನು ಹಿಡಿದಿಟ್ಟಿದೆ. ಹಣ್ಣನ್ನು ಹಿಚುಕಿದರೆ ದಪ್ಪ ಸಿಪ್ಪೆಯಿಂದ ತಿರುಳು ಜಾರಿ ಬಾಯಿಗೆ ಬೀಳುವ ಆಟವನ್ನು ಇಲ್ಲಿನ ಮಕ್ಕಳು ಬೇಗನೆ ಕಲಿಯುತ್ತಾರೆ. ಹಾಪ್‌ಕಾಮ್ಸ್ ಮಳಿಗೆಯಿಂದ, ರಸ್ತೆಬದಿಯ ತಳ್ಳುಗಾಡಿಯಿಂದ ಅದು ಮನೆಗೆ ಬರುತ್ತದೆ. ಇಪ್ಪತ್ತು ದಾಟಿದ ಮೇಲೆ ಎದುರಾಗುವ ವೈನಿನಲ್ಲಿ ಅದೇ ಘಮ ಇರುತ್ತದೆ. ಆ ಘಮಕ್ಕೆ ಒಂದು ಕಾರಣ ಮೀಥೈಲ್ ಆಂಥ್ರನಿಲೇಟ್ ಎಂಬ ರಾಸಾಯನಿಕ. ಅಮೆರಿಕ ಮೂಲದ ಲ್ಯಾಬ್ರುಸ್ಕಾ ಬಳಗದ ದ್ರಾಕ್ಷಿಗಳಲ್ಲಿ ಎದ್ದು ಕಾಣುವ ಇದು ಮಲ್ಲಿಗೆ ಹೂವಿನಲ್ಲೂ ಇದೆ, ಹಾಗೆ ನೋಡಿದರೆ ನಮ್ಮ ಮೂಗಿಗೆ ಇದು ಹಳೆಯ ಗೆಳೆತನ. ಮೊದಲ ಗುಟುಕು ಹೊಸದೆನಿಸಿದರೂ ಅಪರಿಚಿತ ಎನಿಸದಿರುವುದು ಹೀಗೆ.

ಇದಕ್ಕೆ ಹೋಲಿಕೆಯಾಗಿ ಅದೇ ಸೀಮೆಯ ಇನ್ನೊಂದು ಕತೆಯನ್ನು ನೋಡಬಹುದು. ಉದ್ಯಮಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಜ್ಞರ ನೆರವಿನಿಂದ ಹಲವು ಫ್ರೆಂಚ್ ತಳಿಗಳನ್ನು ಪರೀಕ್ಷಿಸಿ, 1988ರಲ್ಲಿ ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರ ತಾಲ್ಲೂಕಿನ ರಘುನಾಥಪುರದಲ್ಲಿ ತೋಟ ಕಟ್ಟಿದರು. 1990ರ ದಶಕದಲ್ಲಿ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೋಲಾಂ ಕೈಜೋಡಿಸಿದರು. ಲಾ ರಿಸರ್ವ್ ಎಂಬ ಗ್ರೋವರ್ ಅವರ ಕೆಂಪು ವೈನ್ ಭಾರತದ ವೈನಿಗೆ ಹೊರಗೆ ಗೌರವ ತಂದಿತು. ತಾಂತ್ರಿಕವಾಗಿ ಅದು ಪೋರ್ಟಿಗಿಂತ ಮೇಲು, ಅದರಲ್ಲಿ ಚರ್ಚೆಯಿಲ್ಲ. ಆದರೆ ಕಾಬರ್ನೆ, ಶಿರಾಜ್‌ನಂಥ ಫ್ರೆಂಚ್ ತಳಿಗಳ ಹಣ್ಣುಗಳನ್ನು ನಮ್ಮಲ್ಲಿ ಯಾರೂ ಚಿಕ್ಕಂದಿನಲ್ಲಿ ತಿಂದು ಬೆಳೆದಿಲ್ಲ. ಅವುಗಳ ರುಚಿಯನ್ನು ದೊಡ್ಡವರಾದ ಮೇಲೆ ಅಭ್ಯಾಸದಿಂದ ಕಲಿಯಬೇಕು. ಸಂಗೀತದಂತೆ ಅದೂ ಒಂದು ಸೊಗಸಾದ ಕಲಿಕೆಯೇ, ಆದರೂ ಕಲಿತ ಮೆಚ್ಚುಗೆ ಬೇರೆ, ಮೈಗೂಡಿದ ಮೆಚ್ಚುಗೆ ಬೇರೆ.

ಮದ್ಯದ ನೆನಪಿಗೆ ಇಷ್ಟು ಮರ್ಯಾದೆ ಏಕೆ ಎಂದು ಕೇಳುವವರಿದ್ದಾರೆ. ಅವರ ಆತಂಕ ನ್ಯಾಯವಾದದ್ದೇ. ಮದ್ಯಪಾನದಲ್ಲಿ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ವೈನಿಗೂ ರಿಯಾಯಿತಿ ಕೊಟ್ಟಿಲ್ಲ. ಅದೇ ತಿಂಗಳು ರಾಜ್ಯ ಸರ್ಕಾರ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾಪವನ್ನು ವಿರೋಧ ಬಂದ ಮೇಲೆ ಕೈಬಿಟ್ಟದ್ದೂ ಒಳ್ಳೆಯದೇ ಆಯಿತು. ಆದರೆ ಒಂದು ರುಚಿ ಏಕೆ ನೆನಪಿನಲ್ಲಿ ಉಳಿಯುತ್ತದೆ ಎಂದು ವಿವರಿಸುವುದು ಅದನ್ನು ಕುಡಿಯಿರಿ ಎಂದಂತಲ್ಲ.

ವೈನ್ ಬಲ್ಲವರ ಆಕ್ಷೇಪ ಇದಕ್ಕಿಂತ ಗಟ್ಟಿ. ಅವರ ಪ್ರಕಾರ ಬೆಂಗಳೂರು ಬ್ಲೂ ವೈನಿನ ಹಣ್ಣೇ ಅಲ್ಲ: ಹುಳಿ ಹೆಚ್ಚು, ಘಮ ಒರಟು, ಅದನ್ನು ಮುಚ್ಚಲು ಸಕ್ಕರೆ ಸುರಿಯಬೇಕು. ಪೋರ್ಚುಗಲ್ಲಿನ ನಿಜವಾದ ಪೋರ್ಟ್‌ನಲ್ಲಿ ಹುದುಗುವಿಕೆಯನ್ನು ನಡುವೆಯೇ ದ್ರಾಕ್ಷಿ ಮದ್ಯಸಾರ ಬೆರೆಸಿ ನಿಲ್ಲಿಸುವುದರಿಂದ ಹಣ್ಣಿನದೇ ಸಿಹಿ ಉಳಿಯುತ್ತದೆ. ನಮ್ಮದಕ್ಕೆ ಆ ಹೆಸರು ಸಾಲದ ಸೊತ್ತು. ಇಷ್ಟನ್ನೂ ಒಪ್ಪಬಹುದು. ಆದರೆ ಇದು ಹಣ್ಣಿಗಿಂತ ಹೆಚ್ಚಾಗಿ ನಮ್ಮ ಉದಾಸೀನದ ಮೇಲಿನ ದೂರು. ಆಸ್ಟ್ರಿಯಾದ ದಕ್ಷಿಣ ಬುರ್ಗೆನ್‌ಲಾಂಡ್‌ನಲ್ಲಿ ಇದೇ ಬಳಗದ ದ್ರಾಕ್ಷಿಗಳಿಂದ ಊಹುಡ್ಲರ್ ಎಂಬ ವೈನ್ ಮಾಡುತ್ತಾರೆ. ಅದರ ಮಾರಾಟಕ್ಕೆ ದಶಕಗಳ ಕಾಲ ನಿಷೇಧವಿತ್ತು. ಊರಿನವರು ಬಿಡಲಿಲ್ಲ, ಇಂದು ಕಾಡು ಸ್ಟ್ರಾಬೆರಿಯಂಥ ಅದರ ಘಮವೇ ಆ ಪ್ರದೇಶದ ಹೆಮ್ಮೆ. ನಮ್ಮಲ್ಲಿ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ, ಅದರ ಬೆನ್ನಿಗೆ ಬಂದ ಕರ್ನಾಟಕ ವೈನ್ ಮಂಡಳಿಗಳಿಂದ ಉದ್ಯಮಕ್ಕೆ ಆಸರೆ ಸಿಕ್ಕಿತಾದರೂ ಪ್ರತಿಷ್ಠೆಯೆಲ್ಲ ಫ್ರೆಂಚ್ ತಳಿಗಳ ಕಡೆಗೇ ಹೋಯಿತು. ಈ ನಡುವೆ 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತಿನ ಜಮೀನಿನ ಬೆಲೆ ಚಪ್ಪರದ ಆದಾಯವನ್ನು ಮೀರಿ ಏರಿತು. ಸಿಪ್ಪೆಯನ್ನು ರಸದೊಂದಿಗೆ ಬಹಳ ಹೊತ್ತು ಬಿಡದೆ, ತಂಪಿನಲ್ಲಿ ನಿಧಾನ ಹುದುಗಿಸಿ, ಸಕ್ಕರೆ ತಗ್ಗಿಸಿದ ಒಂದು ತಿಳಿಗುಲಾಬಿ ವೈನನ್ನು ಬೆಂಗಳೂರು ಬ್ಲೂ ಹೆಸರಿನಲ್ಲೇ ಮಾಡಿ ನೋಡಲು ಇದು ತಕ್ಕ ಕಾಲ. ಹಣ್ಣು ದೊಡ್ಡಬಳ್ಳಾಪುರದ ಯಾವ ಹಳ್ಳಿಯದು ಎಂದು ಚೀಟಿಯ ಮೇಲೆ ಅಚ್ಚುಹಾಕಿಸಿದರೆ ಬೆಳೆಗಾರನಿಗೂ ಚೌಕಾಸಿಗೆ ಒಂದಿಷ್ಟು ಬಲ ಬರುತ್ತದೆ.