ಜಾಲತಾಣ ಎಣಿಸುವುದು ಯಂತ್ರಗಳನ್ನು, ಜನರನ್ನಲ್ಲ

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ಹೋಬಳಿಯ ರೈತರೊಬ್ಬರು ಇಂದು ಪಹಣಿ ನೋಡಬೇಕೆಂದರೆ ಕೈಯಲ್ಲಿರುವ ಮೊಬೈಲನ್ನೇ ಬಳಸಬಹುದು, ಇಲ್ಲವೇ ಸೈಬರ್ ಸೆಂಟರಿಗೆ ಹೋಗಬಹುದು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದರ ಫಲ ಇದು. ಇಂಥ ಭೇಟಿಗಳನ್ನು ಎಣಿಸಲು ಜಾಲತಾಣಗಳು ಗೂಗಲ್ ಅನಲಿಟಿಕ್ಸ್‌ನಂಥ ಸಾಧನ ಬಳಸುತ್ತವೆ. ಆ ಸಾಧನ ಮೊದಲ ಭೇಟಿಯನ್ನು ‘ಮೊಬೈಲ್’ ಎಂದೂ ಎರಡನೆಯದನ್ನು ‘ಡೆಸ್ಕ್‌ಟಾಪ್’ ಎಂದೂ ಬರೆದುಕೊಳ್ಳುತ್ತದೆ. ಯಾರಿಗಾಗಿ ಜಾಲತಾಣ ಕಟ್ಟಬೇಕು, ಯಾವ ಪರದೆಗೆ ಒಗ್ಗಿಸಬೇಕು ಎಂಬ ತೀರ್ಮಾನಗಳು ಈ ಲೆಕ್ಕದಿಂದ ಹೊರಡುತ್ತವೆ. ಆದರೆ ಇದು ಯಂತ್ರಗಳು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಮಾತಿನ ಲೆಕ್ಕ. ಇದೊಂದನ್ನೇ ನಂಬಿ ಜನರ ಬಗ್ಗೆ ತೀರ್ಮಾನಿಸುವುದು ತಪ್ಪು.

ಲೆಕ್ಕ ನಡೆಯುವ ಬಗೆ ಸರಳ. ಪುಟವೊಂದನ್ನು ಕೇಳುವಾಗಲೆಲ್ಲ ಬ್ರೌಸರ್ ತನ್ನ ಹೆಸರು, ಆವೃತ್ತಿ, ಕಾರ್ಯಾಚರಣೆ ವ್ಯವಸ್ಥೆಗಳಿರುವ ಸಾಲೊಂದನ್ನು ಸರ್ವರಿಗೆ ಕಳಿಸುತ್ತದೆ. ಇದಕ್ಕೆ ಯೂಸರ್ ಏಜೆಂಟ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಆಂಡ್ರಾಯ್ಡ್ ಜೊತೆಗೆ ಮೊಬೈಲ್ ಎಂಬ ಪದವಿದ್ದರೆ ಅದು ಫೋನು, ಆ ಪದವಿಲ್ಲದಿದ್ದರೆ ಟ್ಯಾಬ್, ವಿಂಡೋಸ್ ಅಥವಾ ಮ್ಯಾಕಿಂಟಾಷ್ ಎಂದಿದ್ದರೆ ಡೆಸ್ಕ್‌ಟಾಪ್. ಸಾಧನ ಯಂತ್ರವನ್ನು ಕಣ್ಣಾರೆ ಕಾಣುವುದಿಲ್ಲ, ಹೇಳಿದ್ದನ್ನು ನಂಬುತ್ತದೆ. ಈ ಸಾಲಿಗೆ ವೇಷ ಹಾಕುವ ಅಭ್ಯಾಸವೂ ಹಳೆಯದು. 1990ರ ದಶಕದಲ್ಲಿ ಕೆಲವು ಜಾಲತಾಣಗಳು ನೆಟ್‌ಸ್ಕೇಪ್ ಬ್ರೌಸರಿಗೆ ಮಾತ್ರ ಉತ್ತಮ ಪುಟ ಕೊಡುತ್ತಿದ್ದವು. ಹಾಗಾಗಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅದರ ‘ಮೊಜಿಲ್ಲಾ’ ಹೆಸರನ್ನೇ ಧರಿಸಿತು. ಇಂದಿಗೂ ಕ್ರೋಮ್, ಸಫಾರಿ, ಎಡ್ಜ್‌ಗಳ ಸಾಲು ‘ಮೊಜಿಲ್ಲಾ/5.0’ ಎಂದೇ ಶುರುವಾಗುತ್ತದೆ.

ಇದರ ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. 2019ರಲ್ಲಿ ಬಂದ ಐಪ್ಯಾಡ್‌ಒಎಸ್ 13ರಿಂದ ಐಪ್ಯಾಡಿನ ಸಫಾರಿ ತನ್ನನ್ನು ಮ್ಯಾಕ್ ಎಂದೇ ಪರಿಚಯಿಸಿಕೊಳ್ಳತೊಡಗಿತು. ಸಾಲನ್ನಷ್ಟೇ ಓದುವ ಸಾಧನಗಳಲ್ಲಿ ಆ ಟ್ಯಾಬ್‌ಗಳು ಡೆಸ್ಕ್‌ಟಾಪ್ ಪಟ್ಟಿಗೆ ಸೇರಿದವು. ಫೋನಿನ ಕ್ರೋಮ್‌ನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಒತ್ತಿದರೂ ಅಷ್ಟೇ. ಸರಿಯಾಗಿ ಗುರುತಿಸಿದಾಗಲೂ ತೊಡಕು ಮುಗಿಯುವುದಿಲ್ಲ. 2017ರಲ್ಲಿ ಬಂದ ಜಿಯೋಫೋನಿನ ಪರದೆ 2.4 ಇಂಚಿನದು, ಒತ್ತಲು ಕೀಪ್ಯಾಡ್. ಆರು ಇಂಚಿನ ಸ್ಪರ್ಶಪರದೆಯ ಫೋನೂ ಅದೂ ಒಂದೇ ‘ಮೊಬೈಲ್’ ಗುಂಪಿನಲ್ಲಿ ಬೀಳುತ್ತವೆ. ಒಬ್ಬರಿಗೆ ಅರ್ಜಿ ತುಂಬಲು ಬರುತ್ತದೆ, ಇನ್ನೊಬ್ಬರಿಗೆ ಗುಂಡಿಯೇ ಕಾಣುವುದಿಲ್ಲ; ಲೆಕ್ಕದಲ್ಲಿ ಇಬ್ಬರೂ ಸಮ.

ತಂತ್ರಜ್ಞಾನ ಸುಧಾರಿಸಿದರೆ ಇದೆಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಯಂತ್ರ ಮೊಬೈಲ್ ಹೌದೋ ಅಲ್ಲವೋ ಎಂಬುದನ್ನು ಕ್ರೋಮ್ ಈಗ ಪ್ರತ್ಯೇಕವಾಗಿಯೇ ತಿಳಿಸುತ್ತದೆ, ನಿಜ. ಆದರೆ ಗುರುತು ಎಷ್ಟೇ ನಿಖರವಾದರೂ ಯಂತ್ರದ ಹಿಂದೆ ಎಷ್ಟು ಜನರಿದ್ದಾರೆಂದು ಅದು ಹೇಳಲಾರದು. ಸಾಧನ ಸಾಮಾನ್ಯವಾಗಿ ‘ಬಳಕೆದಾರ’ರನ್ನು ಎಣಿಸುವುದು ಬ್ರೌಸರಿನಲ್ಲಿಟ್ಟ ಕುಕೀ ಎಂಬ ಸಣ್ಣ ಗುರುತಿನಿಂದ. ಸೈಬರ್ ಸೆಂಟರಿನ ಒಂದು ಕಂಪ್ಯೂಟರಿನಲ್ಲಿ ದಿನವಿಡೀ ಹತ್ತಾರು ಮನೆಯವರ ಕೆಲಸವಾದರೂ ಕುಕೀ ಅಳಿಸದಿದ್ದರೆ ಅದು ಒಬ್ಬರೇ ಬಂದ ಹಾಗೆ. ಗಂಡ, ಹೆಂಡತಿ, ಮಕ್ಕಳು ಹಂಚಿಕೊಳ್ಳುವ ಫೋನೂ ಹಾಗೆಯೇ. ‘ಡೆಸ್ಕ್‌ಟಾಪ್ ಬಳಕೆದಾರರು ಕಡಿಮೆ’ ಎಂದು ಡೆಸ್ಕ್‌ಟಾಪ್ ಪುಟವನ್ನು ಕಡೆಗಣಿಸಿದರೆ, ಸ್ವಂತ ಸ್ಮಾರ್ಟ್‌ಫೋನ್ ಇಲ್ಲದವರ ದಾರಿಯೇ ಮುಚ್ಚಿಹೋಗಬಹುದು.

ಹಾಗಾದರೆ ಬ್ರೌಸರ್‌ಗಳಿಂದ ಇನ್ನಷ್ಟು ವಿವರ ಕೇಳಿ ಪಡೆಯಬಹುದಲ್ಲ ಎಂಬ ಸಲಹೆಯನ್ನು ಒಪ್ಪಲಾಗದು. ಮಾದರಿ, ಆವೃತ್ತಿಗಳಂಥ ವಿವರಗಳನ್ನು ಕೂಡಿಸಿದರೆ ವ್ಯಕ್ತಿಯನ್ನೇ ಹಿಂಬಾಲಿಸಬಹುದು. ಈ ಕಾರಣಕ್ಕೇ 2023ರಿಂದ ಆಂಡ್ರಾಯ್ಡ್‌ನ ಕ್ರೋಮ್ ತನ್ನ ಸಾಲಿನಲ್ಲಿ ಫೋನಿನ ನಿಜವಾದ ಮಾದರಿಯ ಬದಲು ಬರೀ ‘ಆಂಡ್ರಾಯ್ಡ್ 10, ಕೆ’ ಎಂದು ಹೇಳತೊಡಗಿತು. ಲೆಕ್ಕ ಮಸುಕಾದರೂ ಜನರ ಖಾಸಗಿತನ ಉಳಿಯುವುದೇ ಮೇಲು.

ಅಂಕಿಗಳನ್ನು ಬಿಸಾಡಬೇಕೆಂದೂ ಇಲ್ಲ. ಒಂದೇ ತಪ್ಪು ಒಂದೇ ಪ್ರಮಾಣದಲ್ಲಿ ಮರುಕಳಿಸುವವರೆಗೆ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತದ ದಿಕ್ಕು ತಿಳಿಯುತ್ತದೆ. ಜೊತೆಗೆ ಬೇರೆ ಪ್ರಶ್ನೆಗಳನ್ನೂ ಕೇಳಬೇಕು: ಬಂದವರಲ್ಲಿ ಎಷ್ಟು ಮಂದಿಯ ಕೆಲಸ ಮುಗಿಯಿತು, ಯಾವ ಪುಟದಲ್ಲಿ ಕೈಬಿಟ್ಟರು, ಹೋಬಳಿ ಕೇಂದ್ರದಲ್ಲಿ ಅರ್ಜಿ ತುಂಬಿಕೊಡುವವರು ದಿನವೂ ಎದುರಿಸುವ ತೊಡಕು ಏನು? ಸಾರ್ವಜನಿಕ ಸೇವೆಯ ಜಾಲತಾಣವನ್ನು ಅಗ್ಗದ ಕೀಪ್ಯಾಡ್ ಫೋನಿನಲ್ಲೂ ಸೈಬರ್ ಸೆಂಟರಿನ ಹಳೆಯ ಕಂಪ್ಯೂಟರಿನಲ್ಲೂ ತೆರೆದು ಪರೀಕ್ಷಿಸದೆ ಜನರ ಮುಂದಿಡಬಾರದು. ಬಳಸುವವರು ಕಡಿಮೆ ಎಂದು ಅಂಕಿ ಹೇಳಿದ ಕಡೆಯೇ ಈ ಪರೀಕ್ಷೆಯ ಅಗತ್ಯ ಹೆಚ್ಚು.