ಅರಸನ ಯಂತ್ರ, ಮಕ್ಕಳ ಚಿತ್ರ

ಮಕ್ಕಳ ಪುಸ್ತಕಗಳಲ್ಲಿ, ಚಲಚ್ಚಿತ್ರಗಳಲ್ಲಿ ರಾಜಕೀಯಕ್ಕೆ ಎಡೆಯಿರಬೇಕೆ? ಕೂಡದೆಂದು ಕೆಲವರು, ಇರಲೇಬೇಕೆಂದು ಕೆಲವರು ವಾದಿಸುವುದುಂಟು. ಸತ್ಯಜಿತ್ ರಾಯ್ ಅವರು 1980ರಲ್ಲಿ ತೆರೆಗೆ ತಂದ ‘ಹೀರಕ್ ರಾಜಾರ್ ದೇಶೆ’ ಎಂಬ ಬಂಗಾಳಿ ಚಿತ್ರವನ್ನು ಕಂಡವರಿಗೆ ಈ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗುತ್ತದೆ.

ರಾಯ್ ಅವರ ತಾತ ಉಪೇಂದ್ರಕಿಶೋರ ರಾಯ್ ಚೌಧುರಿಯವರು ಮಕ್ಕಳಿಗಾಗಿ ಬರೆದ ಕಥೆಯ ನಾಯಕರು ಗೂಪಿ ಮತ್ತು ಬಾಘಾ. ಒಬ್ಬ ಹಾಡುಗಾರ, ಇನ್ನೊಬ್ಬ ಡೋಲು ಬಾರಿಸುವವನು. ಭೂತರಾಜನ ವರದಿಂದ ಅವರ ಸಂಗೀತಕ್ಕೆ, ಕೇಳಿದವರನ್ನು ನಿಂತಲ್ಲೇ ನಿಲ್ಲಿಸುವ ಶಕ್ತಿಯಿದೆ. 1969ರ ಚಿತ್ರವೊಂದರಲ್ಲಿ ಮಕ್ಕಳ ಮನಗೆದ್ದ ಈ ಜೋಡಿಯೇ ಇಲ್ಲಿ ವಜ್ರದ ಗಣಿಗಳ ರಾಜ್ಯಕ್ಕೆ ಅತಿಥಿಗಳಾಗಿ ಬರುತ್ತದೆ.

ಆ ನಾಡಿನಲ್ಲಿ ವಜ್ರ ಅಗೆಯುವವನಿಗೆ ಹೊಟ್ಟೆಗಿಲ್ಲ. ರೈತನಿಗೆ ಕಂದಾಯದ ಹೊರೆ. ಓದಿದವರು ಪ್ರಶ್ನಿಸಿಯಾರೆಂಬ ಭಯದಿಂದ ಅರಸನು ಶಾಲೆಯನ್ನು ಮುಚ್ಚಿಸಿ ಪುಸ್ತಕಗಳನ್ನು ಸುಡಿಸುತ್ತಾನೆ. ಎದುರಾಡಿದವರನ್ನು ಯಂತ್ರವೊಂದಕ್ಕೆ ತಳ್ಳಿ, ರಾಜಸ್ತುತಿಯ ಪ್ರಾಸಪದ್ಯಗಳನ್ನು ಅವರ ಮೆದುಳಿಗೆ ತುಂಬಲಾಗುತ್ತದೆ. ಉತ್ಸವಕ್ಕೆ ಬರುವ ಅತಿಥಿಗಳ ಕಣ್ಣಿಗೆ ಬೀಳದಂತೆ ಬಡವರನ್ನು ಅಟ್ಟಲಾಗುತ್ತದೆ. ಈ ಕೊನೆಯ ಪ್ರಸಂಗವು 1975ರಿಂದ 77ರವರೆಗಿನ ತುರ್ತು ಪರಿಸ್ಥಿತಿಯ ನೇರ ಪ್ರತಿಬಿಂಬವೆಂದು ರಾಯ್ ಅವರೇ ಒಪ್ಪಿಕೊಂಡಿದ್ದರು.

ಚಿತ್ರದಲ್ಲಿ ಪಾತ್ರಗಳೆಲ್ಲ ಪ್ರಾಸಬದ್ಧವಾಗಿ ಮಾತನಾಡಿದರೆ, ಸೌಮಿತ್ರ ಚಟರ್ಜಿಯವರು ಅಭಿನಯಿಸಿದ ಉಪಾಧ್ಯಾಯನೊಬ್ಬನ ಮಾತು ಮಾತ್ರ ಗದ್ಯ. ಯಾವ ಪ್ರಾಸಕ್ಕೂ ಕಟ್ಟುಬೀಳದ ಸ್ವತಂತ್ರ ಬುದ್ಧಿ ಅವನದು. ಇದನ್ನು ಯಾರೂ ವಿವರಿಸಿ ಹೇಳುವುದಿಲ್ಲ. ಮಗುವಿನ ಕಿವಿಯೇ ಗುರುತಿಸಬೇಕು.

ಕಡೆಯಲ್ಲಿ ಅರಸನನ್ನೇ ಅವನ ಯಂತ್ರಕ್ಕೆ ನೂಕುತ್ತಾರೆ. ಹೊರಬಂದ ಅರಸನು ಪ್ರಜೆಗಳೊಡನೆ ತಾನೂ ಹಗ್ಗ ಹಿಡಿದು ತನ್ನ ವಿಗ್ರಹವನ್ನೇ ಕೆಡಹುತ್ತಾನೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಆದರೆ ದೊಡ್ಡವರ ಮನಸ್ಸಿನಲ್ಲಿ ಮುಳ್ಳೊಂದು ಉಳಿಯುತ್ತದೆ. ಮೆದುಳು ತೊಳೆಯುವುದು ಕೆಟ್ಟದ್ದಾದರೆ, ಒಳ್ಳೆಯವರು ತೊಳೆದರೆ ಸರಿಯಾದೀತೆ? ಮಕ್ಕಳ ಕಥೆಯಲ್ಲಿ ನಮಗೆ ಪ್ರಿಯವಾದ ತತ್ತ್ವವನ್ನು ತುಂಬುವ ನಾವೂ ಅದೇ ಯಂತ್ರವನ್ನು ನಡೆಸುತ್ತಿಲ್ಲವೆ?

ಸಂದೇಶವಿದ್ದ ಮಾತ್ರಕ್ಕೆ ಕಥೆ ಕೆಡುವುದಿಲ್ಲ. ಯಂತ್ರವು ಉತ್ತರವನ್ನು ಬಾಯಿಪಾಠ ಮಾಡಿಸುತ್ತದೆ. ಒಳ್ಳೆಯ ಕಥೆ ಪ್ರಶ್ನೆಯನ್ನು ಕೈಗಿಡುತ್ತದೆ. ತುರ್ತು ಪರಿಸ್ಥಿತಿಯ ಹೆಸರನ್ನೇ ಕೇಳದ ಮಗುವೂ ‘ಪುಸ್ತಕವನ್ನೇಕೆ ಸುಟ್ಟರು?’ ಎಂದು ಕೇಳಬಲ್ಲದು. ಅದೇ ಮಗು ‘ಅರಸನಿಗೆ ಹಾಗೆ ಮಾಡಿದ್ದು ನ್ಯಾಯವೆ?’ ಎಂದೂ ಕೇಳಿದರೆ, ಚಿತ್ರ ಸಾರ್ಥಕವಾಯಿತು. ಆಗ ಅದರ ಬಾಯಿ ಮುಚ್ಚಿಸದಿರುವುದು ತಂದೆತಾಯಿಗಳ ಹೊಣೆ. ತರಗತಿಯಲ್ಲಿ ಟಿಪ್ಪಣಿ ಬರೆಯಿಸುವ ನನ್ನಂಥ ಅಧ್ಯಾಪಕರ ಹೊಣೆಯೂ ಹೌದು.